ಕಂಟ್ರೋಲರ್ ಹೇಳಿದ್ದು ‘ಫುಲ್’, ಬ್ಯಾಟರಿ ಹೇಳಿದ್ದೇ ಬೇರೆ: ಪುಟ್ಟ ಟ್ರೇಲರ್‌ನಲ್ಲಿ ಸೋಲಾರ್ ಚಾರ್ಜ್ ಕಂಟ್ರೋಲರ್ ಎಲ್ಲಿರಬೇಕು?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಮಾತನ್ನು ಅಲ್ಲಲ್ಲಿ ತಿದ್ದಲಾಗಿದೆ.

ಇವತ್ತಿನ ಸಂಚಿಕೆ ಒಂದು ಪುಟ್ಟ ಡಬ್ಬಿಯ ಬಗ್ಗೆ. ಅಂಗೈ ಅಗಲ ಇರುತ್ತೆ ಅಷ್ಟೆ. ಸೋಲಾರ್ ಪ್ಯಾನಲ್‌ಗೂ ಬ್ಯಾಟರಿಗೂ ನಡುವೆ ಕೂರುವ ಚಾರ್ಜ್ ಕಂಟ್ರೋಲರ್. ಅದನ್ನ ಎಲ್ಲಿ ಸ್ಕ್ರೂ ಹಾಕಿ ಕೂರಿಸಬೇಕು ಅನ್ನೋದು ಒಂದು ಸಂಚಿಕೆಗೆ ಆಗುವಷ್ಟು ದೊಡ್ಡ ವಿಷಯವಾ ಅಂತ ನೀವು ಕೇಳಬಹುದು. ಎರಡು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದು ರಾತ್ರಿ ಮೂರು ಗಂಟೆಗೆ ಅಪ್ಪ ಬಂದು ಎಬ್ಬಿಸಿದ್ರು.

ನಾನಿರೋದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಹತ್ತಿರ. ಎರಡು ವರ್ಷದ ಹಿಂದೆ ಒಂದು ಹಳೇ ಕ್ಯಾಂಪರ್ ಟ್ರೇಲರ್ ಕೊಂಡೆ. ಟಿಯರ್‌ಡ್ರಾಪ್ ಅಂತಾರಲ್ಲ, ಆ ಜಾತಿಯದು. ಪಕ್ಕದಿಂದ ನೋಡಿದ್ರೆ ನೀರಿನ ಹನಿಯ ಆಕಾರ. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಎದ್ದು ನಿಲ್ಲೋಕೆ ಆಗಲ್ಲ. ಹಿಂದುಗಡೆ ಮುಚ್ಚಳ ಎತ್ತಿದರೆ ಎರಡು ಬರ್ನರ್‌ನ ಅಡುಗೆಮನೆ. ಮುಂದುಗಡೆ, ಕಾರಿಗೆ ಕೊಂಡಿ ಹಾಕುವ ಉದ್ದನೆಯ ಕಬ್ಬಿಣದ ಮೇಲೆ ಬ್ಯಾಟರಿ ಪೆಟ್ಟಿಗೆ ಮತ್ತು ಗ್ಯಾಸ್ ಸಿಲಿಂಡರ್. ಅಪ್ಪ ಅದನ್ನ ನೋಡಿದ ತಕ್ಷಣ ‘ಮೂಕಿ’ ಅಂದರು. ಎತ್ತಿನ ಗಾಡಿಗೆ ಇರುತ್ತಲ್ಲ, ಅದೇ. ಆವತ್ತಿಂದ ನಮ್ಮನೇಲಿ ಅದರ ಹೆಸರು ಮೂಕಿ. ಇಲ್ಲೂ ಹಾಗೇ ಕರೀತೀನಿ.

ಛಾವಣಿ ಮೇಲೆ 160 ವಾಟ್‌ನ ಒಂದು ಪ್ಯಾನಲ್ ಅಂಟಿಸಿದೆ. ಬ್ಯಾಟರಿ 100 ಆಂಪ್-ಅವರ್‌ನ ಸಾಮಾನ್ಯ ಲೆಡ್ ಆ್ಯಸಿಡ್, ಡಿಸ್ಟಿಲ್ಡ್ ವಾಟರ್ ಹಾಕುವಂಥದ್ದು. ಕಂಟ್ರೋಲರ್ ಎಲ್ಲಿಡೋದು? ಪ್ಯಾನಲ್ ವಯರ್ ಇಳಿಯೋದು ಹಿಂದಿನ ಅಡುಗೆಮನೆಯ ಕಪಾಟಿನ ಪಕ್ಕ, ಸ್ವಿಚ್ ಬೋರ್ಡೂ ಅಲ್ಲೇ ಇತ್ತು. ನಿಂತುಕೊಂಡೇ ಡಿಸ್‌ಪ್ಲೇ ನೋಡಬಹುದು. ಅಲ್ಲೇ ಕೂರಿಸಿದೆ. ಅಲ್ಲಿಂದ ಬ್ಯಾಟರಿ ತನಕ, ಟ್ರೇಲರ್ ಕೆಳಗೆ ಮೊದಲೇ ಎಳೆದಿದ್ದ 14 ಗೇಜಿನ ವಯರ್ ಬಳಸಿಕೊಂಡೆ. ಉದ್ದ ಸುಮಾರು ಐದೂವರೆ ಮೀಟರ್. ನೋಡೋಕೆ ಅಚ್ಚುಕಟ್ಟಾಗಿತ್ತು. ಫೋಟೋ ತೆಗೆದು ಸ್ನೇಹಿತರಿಗೂ ಕಳಿಸಿದ್ದೆ.

ಆ ರಾತ್ರಿ

ಜನವರಿಯಲ್ಲಿ ಅಪ್ಪ-ಅಮ್ಮ ಊರಿಂದ ಬಂದಿದ್ರು. ತಿಪಟೂರು ಕಡೆ ತೆಂಗಿನ ತೋಟ ನೋಡಿಕೊಂಡಿರೋರು, ಇಲ್ಲಿ ಅಪಾರ್ಟ್‌ಮೆಂಟ್ ಒಳಗೆ ಕೂತು ಕೂತು ಬೇಜಾರಾಗಿತ್ತು. ಎಲ್ಲರೂ ಕ್ವಾರ್ಟ್ಜ್‌ಸೈಟ್‌ಗೆ ಹೊರಟೆವು. ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್, ಸಣ್ಣ ಊರು, ಸುತ್ತ ಮರುಭೂಮಿ. ಅಲ್ಲಿ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನವರು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರ್ಮಿಟ್ ಕೊಟ್ಟು ಬಯಲಲ್ಲಿ ಟ್ರೇಲರ್ ನಿಲ್ಲಿಸೋಕೆ ಬಿಡ್ತಾರೆ. ಉತ್ತರದ ಚಳಿ ತಡೆಯಲಾಗದ ಎಷ್ಟೋ ನಿವೃತ್ತರು ಚಳಿಗಾಲವಿಡೀ ಅಲ್ಲೇ ಇರ್ತಾರೆ. ನಿಮ್ಮ ಜಾಗದಲ್ಲಿ ಕರೆಂಟ್ ಪಾಯಿಂಟ್ ಇರಲ್ಲ. ಬಿಸಿಲಿಂದ ಎಷ್ಟು ಬಂತೋ ಅಷ್ಟರಲ್ಲೇ ಬದುಕಬೇಕು.

ಅಪ್ಪನಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಸ್ಲೀಪ್ ಆ್ಯಪ್ನಿಯ. ರಾತ್ರಿ ಸಿಪ್ಯಾಪ್ ಮೆಷಿನ್ ಹಾಕಿಕೊಂಡೇ ಮಲಗಬೇಕು. ನಾನು ಲೆಕ್ಕ ಹಾಕಿದ್ದೆ. ನೀರಿನ ಹೀಟರ್ ಆಫ್ ಮಾಡಿದರೆ ಆ ಮೆಷಿನ್‌ಗೆ ಎರಡು ಆಂಪ್ ಹತ್ತಿರ ಸಾಕು, ಎಂಟು ಗಂಟೆಗೆ 16 ಆಂಪ್-ಅವರ್. ಪುಟ್ಟ ಫ್ರಿಜ್‌ಗೆ ದಿನಕ್ಕೆ 30 ಅಂತ ಇಟ್ಟುಕೊಳ್ಳೋಣ. ಬ್ಯಾಟರಿ ಫುಲ್ ಇದ್ದರೆ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಮಧ್ಯಾಹ್ನ ಮೂರೂವರೆಗೆ ಕಂಟ್ರೋಲರ್ ನೋಡಿದೆ. ‘ಫ್ಲೋಟ್’ ಅಂತ ತೋರಿಸ್ತಿತ್ತು, ಅಂದ್ರೆ ಬ್ಯಾಟರಿ ತುಂಬಿದೆ ಅಂತ ಅರ್ಥ. ನಿಶ್ಚಿಂತೆಯಿಂದ ಅಪ್ಪ-ಅಮ್ಮನಿಗೆ ಟ್ರೇಲರ್ ಬಿಟ್ಟುಕೊಟ್ಟು, ನಾವು ಪಕ್ಕದ ಟೆಂಟ್‌ನಲ್ಲಿ ಮಲಗಿದೆವು.

ಮೂರು ಗಂಟೆಗೆ ಅಪ್ಪ ಟೆಂಟ್ ಹತ್ತಿರ ನಿಂತು, “ಮೆಷಿನ್ ನಿಂತೋಯ್ತು ಕಣೋ, ಅದಕ್ಕೇ ಎಚ್ಚರ ಆಯ್ತು” ಅಂದರು. ಅವರ ದನಿಯಲ್ಲಿ ಗಾಬರಿ ಇರಲಿಲ್ಲ, ನನಗೆ ಮಾತ್ರ ಕೈಕಾಲು ತಣ್ಣಗಾಯ್ತು. ಬ್ಯಾಟರಿ 11.4 ವೋಲ್ಟ್‌ಗೆ ಇಳಿದಿತ್ತು. ಕಾರಿನ ಮುಂದಿನ ಸೀಟು ಹಿಂದಕ್ಕೆ ಮಲಗಿಸಿ, ಕಾರಿನ ಸಾಕೆಟ್‌ಗೆ ಮೆಷಿನ್ ಸಿಕ್ಕಿಸಿಕೊಟ್ಟೆ. ಬೆಳಗಿನ ತನಕ ಅಪ್ಪ ಅಲ್ಲೇ ಮಲಗಿದ್ರು. ನಾನು ಪಕ್ಕದ ಸೀಟಿನಲ್ಲಿ ಎದ್ದೇ ಇದ್ದೆ.

ಎರಡು ಕಡೆ ಅಳೆದಾಗ

ಬೆಳಿಗ್ಗೆ ಪಕ್ಕದ ಟ್ರೇಲರ್‌ನ ಹಿರಿಯರೊಬ್ಬರು ಬಂದು ಏನಾಯ್ತು ಅಂತ ಕೇಳಿದ್ರು. ಹೇಳಿದೆ. ಏನೂ ಮಾತಾಡದೆ ಹೋಗಿ ಒಂದು ಮಲ್ಟಿಮೀಟರ್ ತಂದರು. “ಬಿಸಿಲು ಚೆನ್ನಾಗಿ ಬರಲಿ, ಆಮೇಲೆ ಎರಡು ಕಡೆ ಅಳೆದು ನೋಡು” ಅಂದರು.

ಹನ್ನೆರಡು ಗಂಟೆಯ ಮೇಲೆ ಕಂಟ್ರೋಲರ್‌ನ ಬ್ಯಾಟರಿ ಟರ್ಮಿನಲ್ ಮೇಲೆ ಮೀಟರ್ ಇಟ್ಟೆ: 14.4 ವೋಲ್ಟ್. ಟ್ರೇಲರ್ ಸುತ್ತಿಕೊಂಡು ಮುಂದೆ ಬಂದು ಬ್ಯಾಟರಿ ಮೇಲೇ ಇಟ್ಟೆ: 13.85. ವಯರ್ ಒಂದೇ, ಹೊತ್ತೂ ಒಂದೇ. ಅರ್ಧ ವೋಲ್ಟ್‌ಗಿಂತ ಜಾಸ್ತಿ ದಾರೀಲೇ ಕಾಣೆ.

ಇದರ ಲೆಕ್ಕ ಸರಳ. 14 ಗೇಜಿನ ತಾಮ್ರದ ವಯರ್‌ಗೆ ಮೀಟರ್‌ಗೆ ಸುಮಾರು 8.3 ಮಿಲಿಓಮ್ ರೆಸಿಸ್ಟೆನ್ಸ್ ಇರುತ್ತೆ. ಕರೆಂಟ್ ಹೋಗಬೇಕು, ವಾಪಸ್ ಬರಬೇಕು, ಹಾಗಾಗಿ ಐದೂವರೆ ಮೀಟರ್ ದೂರಕ್ಕೆ 11 ಮೀಟರ್ ವಯರ್. ಒಟ್ಟು 0.09 ಓಮ್. ಅದರಲ್ಲಿ ಆರು ಆಂಪ್ ಹರಿದರೆ 0.55 ವೋಲ್ಟ್ ಬೀಳುತ್ತೆ.

ಅರ್ಧ ವೋಲ್ಟ್ ಅಲ್ವಾ, ಹೋದರೆ ಹೋಗಲಿ ಅನ್ನಬೇಡಿ. 12 ವೋಲ್ಟ್‌ನ ಲೆಡ್ ಆ್ಯಸಿಡ್ ಬ್ಯಾಟರಿಗೆ ಅರ್ಧ ವೋಲ್ಟ್ ಅಂದ್ರೆ ತುಂಬಾ ದೊಡ್ಡದು. ಕಂಟ್ರೋಲರ್ ಬ್ಯಾಟರಿ ತುಂಬಿಸೋದು ಮೂರು ಹಂತದಲ್ಲಿ. ಮೊದಲು ಪ್ಯಾನಲ್ ಕೊಟ್ಟಷ್ಟನ್ನೂ ತುಂಬುತ್ತೆ, ಅದು ಬಲ್ಕ್. ವೋಲ್ಟೇಜ್ 14.4ರ ಆಸುಪಾಸಿಗೆ ಬಂದ ಮೇಲೆ ಅಲ್ಲೇ ಹಿಡಿದುಕೊಂಡು ನಿಧಾನಕ್ಕೆ ತುಂಬುತ್ತೆ, ಅದು ಅಬ್ಸಾರ್ಪ್ಷನ್. ಕೊನೆಗೆ 13.6ರ ಸುತ್ತಮುತ್ತ ಇಳಿಸಿ ಸುಮ್ಮನೆ ಕಾಯುತ್ತೆ, ಅದೇ ಫ್ಲೋಟ್. ಕೊನೆಯ ಐದನೇ ಒಂದು ಭಾಗ ತುಂಬೋದು ಎರಡನೇ ಹಂತದಲ್ಲೇ, ಅದಕ್ಕೆ ಗಂಟೆಗಟ್ಟಲೆ ಬೇಕು.

ಈಗ ತೊಡಕು ಎಲ್ಲಿ ಅಂದ್ರೆ, ಕಂಟ್ರೋಲರ್‌ಗೆ ಬ್ಯಾಟರಿ ಕಾಣಲ್ಲ. ತನ್ನ ಟರ್ಮಿನಲ್‌ನಲ್ಲಿ ಎಷ್ಟು ವೋಲ್ಟ್ ಇದೆಯೋ ಅಷ್ಟೇ ಅದಕ್ಕೆ ಗೊತ್ತು. ಅಲ್ಲಿ 14.4 ಆದ ತಕ್ಷಣ ಎರಡನೇ ಹಂತದ ಗಡಿಯಾರ ಶುರು ಮಾಡುತ್ತೆ. ಬ್ಯಾಟರಿ ಇನ್ನೂ 13.85ರಲ್ಲಿ ಇರುತ್ತೆ. ಗಡಿಯಾರ ಮುಗಿದಾಗ ‘ಆಯ್ತು, ತುಂಬಿತು’ ಅಂತ ಫ್ಲೋಟ್‌ಗೆ ಹೋಗುತ್ತೆ. ಚಾರ್ಜಿಂಗ್ ಕರೆಂಟ್ ಕಡಿಮೆ ಆದ ಹಾಗೆ ವಯರ್‌ನಲ್ಲಿ ಬೀಳುವ ವೋಲ್ಟೇಜೂ ಕಡಿಮೆ ಆಗುತ್ತೆ, ನಿಜ. ಆದರೆ ಚಳಿಗಾಲದ ಹಗಲು ಚಿಕ್ಕದು, ಜೊತೆಗೆ ಫ್ರಿಜ್ ಬೇರೆ ಅದೇ ದಾರಿಯ ಕರೆಂಟ್ ತಿನ್ನುತ್ತಿರುತ್ತೆ. ಅಷ್ಟರಲ್ಲಿ ಹೊತ್ತು ಮುಳುಗಿರುತ್ತೆ.

ಅಪ್ಪ ಇದನ್ನ ನನಗಿಂತ ಬೇಗ ಹಿಡಿದರು. “ಅಂದ್ರೆ ಮೋಟ್ರು ಹತ್ರ ಪ್ರೆಶರ್ ನೋಡ್ಕೊಂಡು, ಕೊನೇ ಸಾಲಿನ ಗಿಡಕ್ಕೆ ನೀರು ಹೋಯ್ತು ಅಂದ್ಕೊಂಡಂಗೆ” ಅಂದರು. ಡ್ರಿಪ್ ಪೈಪ್ ಎಳೆದವರಿಗೆ ಇಷ್ಟು ಹೇಳಿದರೆ ಸಾಕು.

ಒಂದು ದಿನ ಅರೆಬರೆ ತುಂಬಿದರೆ ಬ್ಯಾಟರಿ ಸಾಯಲ್ಲ. ಪ್ರತಿ ಸಲ ಹೀಗೇ ಆದರೆ ಒಳಗಿನ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಆ ಭಾಗ ಮತ್ತೆ ಚಾರ್ಜ್ ಹಿಡಿಯಲ್ಲ. ಎರಡು ವರ್ಷ ನಾನು ಮಾಡಿದ್ದು ಅದನ್ನೇ. ಹೆಸರಿಗೆ 100 ಆಂಪ್-ಅವರ್, ಒಳಗೆ ಅದರ ಅರ್ಧವೂ ಉಳಿದಿರಲಿಲ್ಲ. ಅಪ್ಪನ ಮೆಷಿನ್ ನಿಂತಿದ್ದು ಒಂದು ರಾತ್ರಿಯಲ್ಲಿ, ಅದಕ್ಕೆ ಕಾರಣ ಕೂಡುತ್ತಾ ಬಂದಿದ್ದು ಎರಡು ವರ್ಷದಿಂದ.

ಹಾಗಾದರೆ ಉದ್ದದ ವಯರ್ ಯಾವ ಕಡೆ?

ಟ್ರೇಲರ್‌ನ ಉದ್ದವನ್ನಂತೂ ಕಡಿಮೆ ಮಾಡೋಕೆ ಆಗಲ್ಲ. ಪ್ಯಾನಲ್‌ನಿಂದ ಬ್ಯಾಟರಿ ತನಕ ಎಲ್ಲೋ ಒಂದು ಕಡೆ ಉದ್ದದ ವಯರ್ ಇರಲೇಬೇಕು. ಅದು ಕಂಟ್ರೋಲರ್‌ನ ಯಾವ ಪಕ್ಕ ಇರಬೇಕು ಅನ್ನೋದೇ ಪ್ರಶ್ನೆ. ಉತ್ತರ: ಪ್ಯಾನಲ್ ಪಕ್ಕ.

ಯಾಕೆ ಅಂದ್ರೆ, 12 ವೋಲ್ಟಿನ ಬ್ಯಾಟರಿಗೆ ಅಂತ ಮಾರುವ ಪ್ಯಾನಲ್ ಕೆಲಸ ಮಾಡೋದು ಸುಮಾರು 18 ವೋಲ್ಟ್‌ನಲ್ಲಿ. ಅಲ್ಲಿ ಅರ್ಧ ವೋಲ್ಟ್ ಬಿದ್ದರೆ ಬರೀ ನಷ್ಟ, ನೂರಕ್ಕೆ ಸುಮಾರು ಮೂರು ಭಾಗದಷ್ಟು. ಯಾರಿಗೂ ತಪ್ಪು ಸುದ್ದಿ ಹೋಗಲ್ಲ. ಎಂಪಿಪಿಟಿ ಕಂಟ್ರೋಲರ್ ಉಳಿದ ಹದಿನೇಳೂವರೆ ವೋಲ್ಟ್‌ನಿಂದ ತನ್ನ ಕೆಲಸ ಮಾಡಿಕೊಳ್ಳುತ್ತೆ. ಹಳೇ ಪಿಡಬ್ಲ್ಯೂಎಂ ಆದರೆ ಪ್ಯಾನಲ್‌ನ ಹೆಚ್ಚುವರಿ ವೋಲ್ಟೇಜ್ ಹೇಗೂ ಉಪಯೋಗಕ್ಕೆ ಬರಲ್ಲ, ಹಾಗಾಗಿ ಅಲ್ಲಿ ನಷ್ಟವೇ ಇಲ್ಲ ಅನ್ನುವಷ್ಟು ಕಡಿಮೆ. ಅದೇ ಅರ್ಧ ವೋಲ್ಟ್ ಬ್ಯಾಟರಿ ಪಕ್ಕ ಬಿದ್ದರೆ ಕಂಟ್ರೋಲರ್ ಮೋಸ ಹೋಗುತ್ತೆ.

ಎರಡನೇ ಕಾರಣ ಉಷ್ಣಾಂಶ. ಲೆಡ್ ಆ್ಯಸಿಡ್ ಬ್ಯಾಟರಿ ತಣ್ಣಗಿದ್ದಾಗ ಹೆಚ್ಚು ವೋಲ್ಟೇಜ್ ಬೇಕು, ಬಿಸಿ ಇದ್ದಾಗ ಕಡಿಮೆ. ಒಂದೊಂದು ಡಿಗ್ರಿಗೂ ಸುಮಾರು 16ರಿಂದ 30 ಮಿಲಿವೋಲ್ಟ್ ವ್ಯತ್ಯಾಸ. ಎಷ್ಟೋ ಕಂಟ್ರೋಲರ್‌ಗಳು ಇದನ್ನ ತಮ್ಮೊಳಗಿನ ಸೆನ್ಸರ್‌ನಿಂದ ಅಂದಾಜು ಮಾಡ್ತವೆ. ನನ್ನದು ಒಲೆ ಪಕ್ಕದ ಕಪಾಟಿನಲ್ಲಿ ಬೆಚ್ಚಗಿತ್ತು, ಬ್ಯಾಟರಿ ಮೂಕಿ ಮೇಲೆ ಚಳಿಗೆ ಮರಗಟ್ಟಿತ್ತು. 15 ಡಿಗ್ರಿ ವ್ಯತ್ಯಾಸ ಅಂತ ಇಟ್ಟುಕೊಂಡರೂ ಕಾಲು ವೋಲ್ಟ್‌ನಿಂದ ಅರ್ಧ ವೋಲ್ಟ್ ತನಕ ಇನ್ನೊಂದು ತಪ್ಪು. ಎರಡೂ ತಪ್ಪು ಒಂದೇ ಕಡೆಗೆ: ಬ್ಯಾಟರಿಗೆ ಕಡಿಮೆ.

ಬ್ಯಾಟರಿ ಹತ್ತಿರ, ಆದರೆ ಬ್ಯಾಟರಿ ಜೊತೆ ಅಲ್ಲ

ಇಷ್ಟು ಗೊತ್ತಾದ ಮೇಲೆ ನನಗೆ ಹೊಳೆದಿದ್ದು ಏನು? ಬ್ಯಾಟರಿ ಪೆಟ್ಟಿಗೆ ಒಳಗೇ ಕೂರಿಸಿಬಿಡೋಣ! ಅಲ್ಲಿ ಜಾಗ ಇತ್ತು, ವಯರ್ ಒಂದಡಿ ಸಾಕು. ಡ್ರಿಲ್ ಕೈಗೆ ತಗೊಂಡಾಗ ಅಪ್ಪ ತಡೆದರು.

“ಅಲ್ಲಿ ಬೇಡ ಕಣಪ್ಪ. ನಮ್ಮ ತೋಟದ ಮನೇಲಿ ಸೋಲಾರ್ ಲೈಟ್ ಹಾಕಿಸಿದಾಗ ಆ ಬಾಕ್ಸನ್ನ ಬ್ಯಾಟರಿ ಮೇಲೇ ಹೊಡೆದಿದ್ರು. ಒಂದೇ ವರ್ಷಕ್ಕೆ ವಯರೆಲ್ಲ ಹಸಿರು ಹಿಡಿದು ಉದುರೋಯ್ತು.”

ಅಪ್ಪ ಹೇಳಿದ್ದು ಸರಿ. ಡಿಸ್ಟಿಲ್ಡ್ ವಾಟರ್ ಹಾಕುವ ಬ್ಯಾಟರಿ ತುಂಬುತ್ತಾ ಬಂದಾಗ ಆ್ಯಸಿಡ್‌ನ ಸಣ್ಣ ಹನಿ ಗಾಳಿಗೆ ಬರುತ್ತೆ, ತಾಮ್ರವನ್ನ ತಿನ್ನುತ್ತೆ. ಅದಕ್ಕಿಂತ ಅಪಾಯದ್ದು ಹೈಡ್ರೋಜನ್. ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ಮುಚ್ಚಿದ ಪೆಟ್ಟಿಗೆಯಲ್ಲಿ ಸಡಿಲವಾದ ಒಂದು ಟರ್ಮಿನಲ್ ಇದ್ದರೆ ಕಿಡಿ ಬರೋಕೆ ಎಷ್ಟು ಹೊತ್ತು? ಮೂಕಿ ಮೇಲೆ ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಬೇರೆ. ಬ್ಯಾಟರಿ ಪೆಟ್ಟಿಗೆ, ಗ್ಯಾಸ್ ಪೆಟ್ಟಿಗೆ, ಎರಡರೊಳಗೂ ಕಂಟ್ರೋಲರ್ ಬೇಡ. ಪೆಟ್ಟಿಗೆ ಹೊರಗೆ ಮೂಕಿ ಮೇಲೆ ತೆರೆದೇ ಇಡೋಣ ಅಂದ್ರೆ ಮಳೆ, ಕಾರಿನ ಚಕ್ರ ಎರಚುವ ನೀರು, ಧೂಳು. ಬಹಳಷ್ಟು ಕಂಟ್ರೋಲರ್‌ಗಳು ಅದನ್ನ ತಡೆಯೋ ಥರ ಮಾಡಿರಲ್ಲ.

ಕೊನೆಗೆ ಸಿಕ್ಕ ಜಾಗ ಇದು: ಟ್ರೇಲರ್ ಒಳಗೆ, ಮುಂದಿನ ಗೋಡೆ. ಮಲಗಿದಾಗ ತಲೆ ಬರುವ ಕಡೆ, ಎಡ ಮೂಲೆ. ಗೋಡೆಯ ಆಚೆಗೇ ಬ್ಯಾಟರಿ. ನಡುವೆ ಒಂದು ರಂಧ್ರ ಕೊರೆದು, ವಯರ್ ಉಜ್ಜಿ ಹರಿಯದ ಹಾಗೆ ರಬ್ಬರ್ ಬಳೆ ಹಾಕಿ, ಸುತ್ತ ಸೀಲಂಟ್ ತುಂಬಿದೆ, ಇಲ್ಲದಿದ್ದರೆ ಗ್ಯಾಸೂ ನೀರೂ ಒಳಗೆ ಬರುತ್ತೆ. 10 ಗೇಜಿನ ದಪ್ಪ ವಯರ್, ಮುಕ್ಕಾಲು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಹಿಂದಿನ ಹಳೇ ವಯರ್ ಈಗ ಪ್ಯಾನಲ್ ಪಕ್ಕದ ಕೆಲಸಕ್ಕೆ ಬಂತು. ಅದೇ ಉದ್ದ, ಅದೇ ವಯರ್, ಜಾಗ ಮಾತ್ರ ಬೇರೆ.

ಕೂರಿಸುವಾಗ ನೋಡಿಕೊಂಡ ವಿಷಯಗಳನ್ನ ಬೇಗ ಬೇಗ ಹೇಳಿಬಿಡ್ತೀನಿ.

ಒಂದು, ಗಾಳಿ. ಕಂಟ್ರೋಲರ್ ಕೆಲಸ ಮಾಡುವಾಗ ಬಿಸಿಯಾಗುತ್ತೆ, ತೀರಾ ಬಿಸಿಯಾದರೆ ತಾನೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತೆ. ಹಿಂಭಾಗದ ಲೋಹದ ಪಟ್ಟಿಗಳು ಮೇಲೆ-ಕೆಳಗೆ ಓಡುವ ಹಾಗೆ ನೆಟ್ಟಗೆ ಗೋಡೆಗೆ ಹಾಕಬೇಕು. ಮೇಲೂ ಕೆಳಗೂ ಒಂದು ಹತ್ತು ಸೆಂಟಿಮೀಟರ್ ಖಾಲಿ ಬಿಡಿ. ರಜಾಯಿ, ದಿಂಬು ಅದರ ಮೇಲೆ ಬೀಳದಂತೆ ನಾನು ಮರದ ಎರಡು ಪಟ್ಟಿ ಅಡ್ಡ ಹೊಡೆದೆ. ಹಿಂದೆ ಪ್ಲೈವುಡ್ ಇದ್ದದ್ದಕ್ಕೆ ಮಧ್ಯೆ ಒಂದು ಲೋಹದ ತಗಡು ಕೊಟ್ಟೆ.

ಎರಡು, ಫ್ಯೂಸ್. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಬೇಕು, ಕಂಟ್ರೋಲರ್ ಪಕ್ಕ ಅಲ್ಲ. ವಯರ್ ಎಲ್ಲಾದರೂ ಶಾರ್ಟ್ ಆದರೆ ನೂರಾರು ಆಂಪ್ ನುಗ್ಗೋದು ಬ್ಯಾಟರಿ ಕಡೆಯಿಂದ. ಎಷ್ಟು ಆಂಪ್‌ನ ಫ್ಯೂಸ್ ಅನ್ನೋದು ಕಂಟ್ರೋಲರ್‌ನ ಮ್ಯಾನುಯಲ್‌ನಲ್ಲಿ ಇರುತ್ತೆ, ಅದು ವಯರ್ ತಡೆಯುವ ಮಿತಿಯನ್ನ ಮೀರಬಾರದು.

ಮೂರು, ಜೋಡಿಸುವ ಕ್ರಮ. ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್. ಬ್ಯಾಟರಿ ಇಲ್ಲದೆ ಪ್ಯಾನಲ್ ಮಾತ್ರ ಸಿಕ್ಕಿಸಿದರೆ ಕೆಲವು ಕಂಟ್ರೋಲರ್‌ಗಳು ಹಾಳಾಗ್ತವೆ. ಕೆಲಸ ಮಾಡುವಾಗ ಪ್ಯಾನಲ್ ಮೇಲೆ ಒಂದು ಕಂಬಳಿ ಹೊದಿಸಿ.

ನಾಲ್ಕು, ಅಲುಗಾಟ. ಟ್ರೇಲರ್ ಅಂದ್ರೆ ರಸ್ತೆ ಮೇಲೆ ಓಡುವ ಮನೆ. ಮೊದಲ ಪ್ರಯಾಣ ಮುಗಿದ ಮೇಲೆ ಎಲ್ಲ ಸ್ಕ್ರೂ ಒಮ್ಮೆ ಬಿಗಿ ಮಾಡಿ.

ಲಿಥಿಯಂ ಬ್ಯಾಟರಿ ಇದ್ದರೆ? ಅದಕ್ಕೆ ಉಷ್ಣಾಂಶ ನೋಡಿ ವೋಲ್ಟೇಜ್ ಹೊಂದಿಸುವ ಆ ಲೆಕ್ಕ ಬೇಡ, ಆಫ್ ಮಾಡಿ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಹಾಗಾಗಿ ಬ್ಯಾಟರಿಯ ಚಳಿ ಕಂಟ್ರೋಲರ್‌ಗೆ ಗೊತ್ತಾಗಬೇಕು, ಇಲ್ಲವೇ ಬ್ಯಾಟರಿಯೇ ಅದನ್ನ ತಡೆಯುವಂಥದ್ದಾಗಿರಬೇಕು. ಇಬ್ಬರೂ ಹತ್ತಿರ ಇರಲಿ ಅನ್ನೋ ಮಾತು ಅಲ್ಲೂ ಬದಲಾಗಲ್ಲ.

ಸೂಟ್‌ಕೇಸ್ ಥರ ಮಡಚುವ ಪ್ಯಾನಲ್ ಇಟ್ಟುಕೊಂಡವರು ಗಮನಿಸಿ. ಅದರಲ್ಲಿ ಕಂಟ್ರೋಲರ್ ಪ್ಯಾನಲ್‌ನ ಬೆನ್ನಿಗೇ ಇರುತ್ತೆ. ಬಿಸಿಲು ಹುಡುಕಿಕೊಂಡು ಹತ್ತು ಮೀಟರ್ ದೂರ ಇಟ್ಟು ತೆಳ್ಳನೆಯ ವಯರ್ ಎಳೆದರೆ, ನಾನು ಮಾಡಿದ ತಪ್ಪೇ ಅದು. ಆ ಕಂಟ್ರೋಲರ್ ಬಿಚ್ಚಿ ಬ್ಯಾಟರಿ ಹತ್ತಿರ ತನ್ನಿ. ಜಾಗ ಬದಲಿಸೋಕೆ ಆಗಲೇ ಇಲ್ಲ ಅಂದ್ರೆ ದಪ್ಪ ವಯರ್ ಹಾಕಿ. ಕೆಲವು ಕಂಟ್ರೋಲರ್‌ಗಳಲ್ಲಿ ಬ್ಯಾಟರಿಯ ವೋಲ್ಟೇಜ್ ನೋಡೋಕೆ ಅಂತಲೇ ಬೇರೆ ಎರಡು ಟರ್ಮಿನಲ್ ಇರ್ತವೆ. ಆ ವಯರ್‌ನಲ್ಲಿ ಕರೆಂಟ್ ಹರಿಯೋದೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ವೋಲ್ಟೇಜೂ ಬೀಳಲ್ಲ. ಅದಕ್ಕೂ ಬ್ಯಾಟರಿ ಹತ್ತಿರ ಒಂದು ಸಣ್ಣ ಫ್ಯೂಸ್ ಇರಲಿ.

ನಿಮ್ಮದನ್ನ ಒಮ್ಮೆ ಅಳೆಯಿರಿ

ನಿಮ್ಮ ಹತ್ತಿರ ಟ್ರೇಲರ್ ಇಲ್ಲದೆ ಇರಬಹುದು. ಊರಲ್ಲಿ ತೋಟದ ಮನೆಗೆ, ಅಂಗಡಿಗೆ, ಪಂಪ್‌ಹೌಸ್‌ಗೆ ಸೋಲಾರ್ ಲೈಟ್ ಹಾಕಿಸಿದವರೂ ಕೇಳ್ತಿರ್ತೀರಿ. ಲೆಕ್ಕ ಅದೇ. ಬಿಸಿಲು ಚೆನ್ನಾಗಿ ಇರುವಾಗ, ಚಾರ್ಜ್ ಜೋರಾಗಿ ಹೋಗುತ್ತಿರುವಾಗ, ಮಲ್ಟಿಮೀಟರ್ ಹಿಡಿದು ಕಂಟ್ರೋಲರ್‌ನ ಬ್ಯಾಟರಿ ಟರ್ಮಿನಲ್ ಮೇಲೆ ಒಮ್ಮೆ, ಬ್ಯಾಟರಿ ಮೇಲೇ ಒಮ್ಮೆ ಅಳೆಯಿರಿ. ವ್ಯತ್ಯಾಸ 0.1 ವೋಲ್ಟ್ ಒಳಗಿದ್ದರೆ ನೆಮ್ಮದಿ. 0.3 ದಾಟಿದರೆ ನಿಮ್ಮ ಬ್ಯಾಟರಿ ಪ್ರತಿದಿನ ಅರೆಹೊಟ್ಟೆಯಲ್ಲಿ ಮಲಗುತ್ತಿದೆ ಅಂತ ಅರ್ಥ. ಬೆಳಿಗ್ಗೆ ಅಳೆದರೆ ಉಪಯೋಗ ಇಲ್ಲ, ಕರೆಂಟ್ ಹರಿಯದೆ ಇದ್ದಾಗ ವಯರ್ ತನ್ನ ತಪ್ಪು ತೋರಿಸಲ್ಲ.

ನಾವು ಹೊಸ ಬ್ಯಾಟರಿ ಹಾಕಿ ಫೆಬ್ರವರಿಯಲ್ಲಿ ಮತ್ತೆ ಅಲ್ಲಿಗೇ ಹೋದೆವು. ಮಧ್ಯಾಹ್ನ ಎರಡೂ ಕಡೆ ಅಳೆದೆ, ವ್ಯತ್ಯಾಸ 0.03. ಅಪ್ಪ ಮೀಟರ್ ತಾವೇ ಹಿಡಿದು ಇನ್ನೊಂದು ಸಲ ನೋಡಿದರು. ರಾತ್ರಿ ನಾನು ಮೂರು ಗಂಟೆಗೆ ತಾನಾಗಿಯೇ ಎಚ್ಚರವಾಗಿ, ಟ್ರೇಲರ್ ಬಾಗಿಲ ಹತ್ತಿರ ಹೋಗಿ ನಿಂತೆ. ಒಳಗೆ ಮೆಷಿನ್‌ನ ಸದ್ದು ಸಣ್ಣಗೆ, ಒಂದೇ ಸಮನೆ ಬರ್ತಿತ್ತು.

ಬೆಳಿಗ್ಗೆ ಅಮ್ಮ ಕಾಫಿ ಕೊಡ್ತಾ ಒಂದು ದೂರು ಹೇಳಿದರು. “ಅದೇನೋ ನೀಲಿ ಲೈಟು, ತಲೆ ಹತ್ರ ರಾತ್ರಿಯೆಲ್ಲ ಮಿಣಕ್ ಮಿಣಕ್ ಅಂತಿತ್ತು. ನಾನೇ ಮುಚ್ಚಿದೀನಿ.” ಹೋಗಿ ನೋಡಿದೆ. ಕಂಟ್ರೋಲರ್‌ನ ಎಲ್‌ಇಡಿ ಮೇಲೆ ಅಮ್ಮನ ಒಂದು ಸ್ಟಿಕ್ಕರ್ ಬೊಟ್ಟು. ಇವತ್ತಿಗೂ ಅಲ್ಲೇ ಇದೆ. ನಾನು ಫೋನ್‌ನಲ್ಲಿ ಬ್ಲೂಟೂತ್ ಮೂಲಕ ನೋಡಿಕೊಳ್ತೀನಿ.

ನಿಮ್ಮ ಅಳತೆ ಎಷ್ಟು ಬಂತು ಅಂತ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.